ಕಪ್ಪಾದ ಎಂಜಿನ್ ಆಯಿಲ್ ಮತ್ತೆ ಹೊಸದಾಗುವುದು ಹೇಗೆ?

ಎಂಜಿನ್‌ನಿಂದ ಇಳಿಸಿದ ಹಳೇ ಆಯಿಲ್‌ನ ಒಂದು ಹನಿಯನ್ನು ಫಿಲ್ಟರ್ ಪೇಪರ್ ಮೇಲೆ ಬಿಟ್ಟು, ಒಂದು ದಿನ ಅಲ್ಲಾಡಿಸದೆ ಇಡಿ. ಮಾರನೆಯ ದಿನಕ್ಕೆ ಆ ಹನಿ ಹರಡಿಕೊಂಡು, ಒಂದರ ಸುತ್ತ ಒಂದು ಉಂಗುರ ಮೂಡಿರುತ್ತದೆ. ನಟ್ಟನಡುವೆ ಕಡುಗಪ್ಪು ಚುಕ್ಕೆ. ಅದರ ಸುತ್ತ ಬೂದು ಬಣ್ಣದ ಬಳೆ. ಎಲ್ಲಕ್ಕಿಂತ ಹೊರಗೆ ತಿಳಿ ಹಳದಿ ಅಂಚು. ಕಾಗದವನ್ನು ಬೆಳಕಿಗೆ ಹಿಡಿದರೆ ಆ ಅಂಚಿನಲ್ಲಿ ಬೆಳಕು ಹಾಯುವುದು ಕಾಣುತ್ತದೆ. ಆಯಿಲ್ ಪರೀಕ್ಷೆ ಮಾಡುವವರು ಇದನ್ನು ಬ್ಲಾಟರ್ ಟೆಸ್ಟ್ ಅನ್ನುತ್ತಾರೆ. ಆಯಿಲ್‌ಗೆ ಎಷ್ಟು ಮಸಿ ಸೇರಿದೆ, ಆ ಮಸಿಯನ್ನು ಗಟ್ಟಿಯಾಗಲು ಬಿಡದೆ ಹಿಡಿದಿಡುವ ಶಕ್ತಿ ಇನ್ನೂ ಉಳಿದಿದೆಯಾ ಅಂತ ನೋಡಲು ಮಾಡುವ ಹಳೆಯ, ಸುಲಭದ ಪರೀಕ್ಷೆ ಇದು.

ನನ್ನ ಕಣ್ಣು ಹೋಗುವುದು ಹೊರಗಿನ ಆ ಹಳದಿ ಅಂಚಿನ ಕಡೆಗೆ. ಮಸಿ ಹಿಂದೆಯೇ ಉಳಿದು, ಎಣ್ಣೆ ಮಾತ್ರ ಕಾಗದದಲ್ಲಿ ಮುಂದೆ ಹರಿದು ಬಂದ ಜಾಗ ಅದು. ಸಾವಿರಾರು ಕಿಲೋಮೀಟರ್ ಓಡಿದ ಮೇಲೂ, ಮೇಲ್ನೋಟಕ್ಕೆ ಎಷ್ಟೇ ಕಪ್ಪಗೆ ಕಂಡರೂ, ಒಳಗಿನ ಎಣ್ಣೆ ಬಹುಪಾಲು ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಕೊಳೆ ಸೇರಿರುತ್ತದೆ, ಅದರಲ್ಲಿ ಬೆರೆಸಿದ್ದ ರಾಸಾಯನಿಕಗಳು ಖರ್ಚಾಗಿರುತ್ತವೆ, ಅಷ್ಟೇ. ಕೊಳೆಯನ್ನು ಪೂರ್ತಿ ತೆಗೆದು, ಖರ್ಚಾದದ್ದನ್ನು ಹೊಸದಾಗಿ ಬೆರೆಸಿದರೆ ಅದೇ ಎಣ್ಣೆ ಮತ್ತೆ ಎಂಜಿನ್‌ಗೆ ಹೋಗಬಹುದು. ಅದೂ ಒಂದೇ ಸಲ ಅಂತೇನಿಲ್ಲ, ಹಲವು ಸಲ. ರೀ-ರಿಫೈನಿಂಗ್ ಅನ್ನುವ ಇಡೀ ಉದ್ಯಮ ನಿಂತಿರುವುದು ಇದರ ಮೇಲೆ.

ಡಬ್ಬದೊಳಗೆ ಏನಿರುತ್ತದೆ

ಎಂಜಿನ್ ಆಯಿಲ್ ಅಂದರೆ ಒಂದೇ ವಸ್ತು ಅಂದುಕೊಳ್ಳುತ್ತೇವೆ. ನಿಜವಾಗಿ ಅದರಲ್ಲಿ ಎರಡು ಭಾಗ ಇದೆ. ಸುಮಾರು ಶೇ. 75ರಿಂದ 90ರಷ್ಟು ಬೇಸ್ ಆಯಿಲ್. ಕಚ್ಚಾ ತೈಲದಿಂದ ಬಂದ, ಉದ್ದುದ್ದ ಸರಪಳಿಯ ಮತ್ತು ಉಂಗುರಾಕಾರದ ಹೈಡ್ರೋಕಾರ್ಬನ್ ಅಣುಗಳು. ಉಳಿದದ್ದು ಅಡಿಟಿವ್‌ಗಳು. ಲೋಹಕ್ಕೆ ಲೋಹ ಉಜ್ಜುವ ಜಾಗದಲ್ಲಿ ರಕ್ಷಣೆಯ ಪದರ ಕಟ್ಟುವ ಸತು ಮತ್ತು ರಂಜಕದ ಸಂಯುಕ್ತ ಒಂದು. ಆಮ್ಲವನ್ನು ತಟಸ್ಥ ಮಾಡಿ, ಪಿಸ್ಟನ್‌ಗೆ ಕೊಳೆ ಅಂಟದಂತೆ ನೋಡಿಕೊಳ್ಳುವ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಡಿಟರ್ಜೆಂಟ್ ಇನ್ನೊಂದು. ಮಸಿಯ ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಬಿಡಿಬಿಡಿಯಾಗಿ ತೇಲಿಸುವ ಡಿಸ್ಪರ್ಸೆಂಟ್ ಮತ್ತೊಂದು. ಬಿಸಿಯಾದಾಗ ಆಯಿಲ್ ತೀರಾ ತೆಳುವಾಗದಂತೆ ತಡೆಯುವ ಪಾಲಿಮರ್, ನೊರೆ ಏಳದಂತೆ ನೋಡಿಕೊಳ್ಳುವ ಒಂಚೂರು ಸಿಲಿಕೋನ್, ಗಾಳಿಯ ಆಮ್ಲಜನಕದಿಂದ ಎಣ್ಣೆ ಕೆಡದಂತೆ ಕಾಯುವ ಆಂಟಿ ಆಕ್ಸಿಡೆಂಟ್, ಹೀಗೆ ಪಟ್ಟಿ ಬೆಳೆಯುತ್ತದೆ.

ಎಂಜಿನ್ ಓಡುತ್ತಾ ಹೋದಂತೆ ಮೊದಲು ಸೋಲುವುದು ಈ ಅಡಿಟಿವ್‌ಗಳೇ. ಆಮ್ಲದ ಜೊತೆ ಹೋರಾಡಿ ಡಿಟರ್ಜೆಂಟ್ ಖಾಲಿಯಾಗುತ್ತದೆ. ಗೇರುಗಳ ಮತ್ತು ಬೇರಿಂಗ್‌ಗಳ ನಡುವೆ ಸಿಕ್ಕಿ ಪಾಲಿಮರ್ ತುಂಡಾಗುತ್ತದೆ. ಇನ್ನೊಂದು ಕಡೆಯಿಂದ ಹೊರಗಿನ ವಸ್ತುಗಳು ಬಂದು ಸೇರುತ್ತವೆ. ಪಿಸ್ಟನ್ ರಿಂಗ್ ದಾಟಿ ಬರುವ ಮಸಿ. ಪೂರ್ತಿ ಉರಿಯದ ಪೆಟ್ರೋಲ್ ಅಥವಾ ಡೀಸೆಲ್. ಇಂಧನ ಉರಿದಾಗ ಹುಟ್ಟುವ ನೀರಿನ ಆವಿ. ಸವೆದ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂನ ಸಣ್ಣ ಕಣಗಳು. ಏರ್ ಫಿಲ್ಟರ್ ತಪ್ಪಿಸಿಕೊಂಡು ಬಂದ ಧೂಳು. ಎಲ್ಲಾದರೂ ಗ್ಯಾಸ್ಕೆಟ್ ಸೋರಿದ್ದರೆ ಕೂಲೆಂಟ್ ಕೂಡ. ಜೊತೆಗೆ, ಬಿಸಿಗೆ ಮತ್ತು ಗಾಳಿಗೆ ಸಿಕ್ಕ ಬೇಸ್ ಆಯಿಲ್‌ನಲ್ಲೂ ಒಂದು ಸಣ್ಣ ಪಾಲು ಆಕ್ಸಿಡೈಸ್ ಆಗಿ ಜಿಗುಟಾಗುತ್ತದೆ, ಹುಳಿಯಾಗುತ್ತದೆ. ಉಳಿದ ಅಣುಗಳು ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತವೆ.

ಹಾಗಾದರೆ ಒಂದು ಒಳ್ಳೆ ಬಟ್ಟೆಯಲ್ಲೋ ಫಿಲ್ಟರ್‌ನಲ್ಲೋ ಸೋಸಿದರೆ ಆಯ್ತಲ್ವಾ? ಈ ಪ್ರಶ್ನೆ ಸಹಜ. ಇದರ ಉತ್ತರ ಸರಿಯಾಗಿ ಗೊತ್ತಿಲ್ಲದ್ದರಿಂದಲೇ ಕೆಲವರು ಮೋಸ ಹೋಗುತ್ತಾರೆ ಕೂಡ. ವಾಹನದ ಆಯಿಲ್ ಫಿಲ್ಟರ್ ಚೆನ್ನಾಗಿ ಹಿಡಿಯುವುದು ಸುಮಾರು 20 ಮೈಕ್ರಾನ್‌ಗಿಂತ ದೊಡ್ಡ ಕಣಗಳನ್ನು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು. ಮಸಿಯ ಕಣಗಳು ಒಂದು ಮೈಕ್ರಾನ್‌ಗಿಂತಲೂ ಎಷ್ಟೋ ಚಿಕ್ಕವು. ಅವು ಒಟ್ಟುಗೂಡಿ ದೊಡ್ಡದಾಗದಂತೆ ಡಿಸ್ಪರ್ಸೆಂಟ್ ಬೇರೆ ಕಾಯುತ್ತಿರುತ್ತದೆ. ಇನ್ನು ಎಣ್ಣೆಯಲ್ಲಿ ಕರಗಿಹೋದ ಪೆಟ್ರೋಲ್, ಆಮ್ಲ, ಹಳೇ ಅಡಿಟಿವ್‌ಗಳ ಚೂರು, ಇವನ್ನು ಯಾವ ಜರಡಿಯೂ ಹಿಡಿಯುವುದಿಲ್ಲ. ಸೋಸಿ, ಒಂದಿಷ್ಟು ಬಣ್ಣ ತಿಳಿ ಮಾಡಿ, ಹೊಸ ಡಬ್ಬಕ್ಕೆ ತುಂಬಿ ಮಾರುವ ಆಯಿಲ್ ನೋಡಲು ಚೆನ್ನಾಗಿರಬಹುದು. ಎಂಜಿನ್ ಒಳಗೆ ಅದು ಕೊಳೆಯೇ. ರೀ-ರಿಫೈನಿಂಗ್‌ಗೆ ಕೆಟ್ಟ ಹೆಸರು ತಂದಿದ್ದರಲ್ಲಿ ಇಂಥ ಆಯಿಲ್‌ನ ಪಾಲು ಬಹಳ ದೊಡ್ಡದು. ಸೋಸುವುದು ಬೇರೆ, ಮತ್ತೆ ರಿಫೈನ್ ಮಾಡುವುದು ಬೇರೆ.

ಆಸಿಡ್ ಮತ್ತು ಜೇಡಿಮಣ್ಣಿನ ಕಾಲ

20ನೇ ಶತಮಾನದ ಬಹುಭಾಗ ಈ ಕೆಲಸ ಮಾಡುತ್ತಿದ್ದ ರೀತಿ ಹೀಗಿತ್ತು. ಹಳೇ ಆಯಿಲ್‌ನ ನೀರು ಆರಿಸಿ, ಅದಕ್ಕೆ ಗಾಢವಾದ ಸಲ್ಫ್ಯೂರಿಕ್ ಆಸಿಡ್ ಸುರಿಯುತ್ತಿದ್ದರು. ಆಸಿಡ್ ಕೊಳೆಯನ್ನೆಲ್ಲ ಹಿಡಿದುಕೊಂಡು, ಮಂದವಾದ ಕಪ್ಪು ಕೆಸರಾಗಿ ತಳಕ್ಕೆ ಇಳಿಯುತ್ತಿತ್ತು. ಮೇಲೆ ಉಳಿದ ಎಣ್ಣೆಗೆ ವಿಶೇಷವಾದ ಜೇಡಿಮಣ್ಣು ಬೆರೆಸಿ, ಬಿಸಿ ಮಾಡಿ, ಸೋಸಿದರೆ ಬಣ್ಣ ಮತ್ತು ವಾಸನೆ ಹೋಗುತ್ತಿತ್ತು. ಯಂತ್ರ ಸರಳ, ಬಂಡವಾಳ ಕಡಿಮೆ. ಸಣ್ಣ ಘಟಕವೂ ನಡೆಸಬಹುದಿತ್ತು.

ತೊಂದರೆ ಇದ್ದದ್ದು ಆ ಕೆಸರಿನಲ್ಲಿ. ಆಸಿಡ್, ಭಾರಲೋಹ, ಮಸಿ ಎಲ್ಲ ಸೇರಿದ ಅದನ್ನು ಎಲ್ಲಿ ಹಾಕುವುದು? ಸುಟ್ಟರೆ ಗಂಧಕದ ಹೊಗೆ. ಹೂತರೆ ನೆಲ ಮತ್ತು ಅಂತರ್ಜಲ ಹಾಳು. ಎಣ್ಣೆಯಿಂದ ತೆಗೆದ ವಿಷ ಹೊಸ ರೂಪದಲ್ಲಿ ಊರ ಹೊರಗೆ ಬಿದ್ದಿರುತ್ತಿತ್ತು. ಎಣ್ಣೆ ಹಿಡಿದಿದ್ದ ಜೇಡಿಮಣ್ಣಿನದೂ ಇದೇ ಕಥೆ. ಸಿಗುತ್ತಿದ್ದ ಎಣ್ಣೆಯ ಪ್ರಮಾಣವೂ ಕಡಿಮೆ, ಏಕೆಂದರೆ ಒಳ್ಳೆ ಎಣ್ಣೆಯ ಒಂದು ಪಾಲು ಕೆಸರಿನ ಜೊತೆಗೇ ಹೋಗಿಬಿಡುತ್ತಿತ್ತು. ಪರಿಸರದ ಕಾಯ್ದೆಗಳು ಬಿಗಿಯಾದ ಹಾಗೆ ಅನೇಕ ದೇಶಗಳಲ್ಲಿ ಈ ಪದ್ಧತಿ ನಿಂತಿತು, ಇಲ್ಲವೇ ನಿಷೇಧವಾಯಿತು. ನಿಂತದ್ದು ಒಳ್ಳೆಯದೇ ಆಯಿತು.

ಈಗಿನ ದಾರಿ

ಇವತ್ತಿನ ಒಳ್ಳೆ ಘಟಕದಲ್ಲಿ ಮೊದಲ ಕೆಲಸ ಯಂತ್ರದ್ದಲ್ಲ, ಲ್ಯಾಬ್‌ನದ್ದು. ಟ್ಯಾಂಕರ್ ಬಂದ ತಕ್ಷಣ ಸ್ಯಾಂಪಲ್ ತೆಗೆದು ನೀರು ಎಷ್ಟಿದೆ, ಕ್ಲೋರಿನ್ ಎಷ್ಟಿದೆ, ಪಿಸಿಬಿ ಅನ್ನುವ ವಿಷವಸ್ತು ಇದೆಯಾ ಅಂತ ನೋಡುತ್ತಾರೆ. ಪಿಸಿಬಿ ಹಿಂದೆ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಬಳಕೆಯಲ್ಲಿದ್ದ ವಸ್ತು. ಕ್ಲೋರಿನ್ ಜಾಸ್ತಿ ಇದ್ದರೆ ಯಾರೋ ಗ್ರೀಸ್ ತೊಳೆಯುವ ಸಾಲ್ವೆಂಟ್ ಬೆರೆಸಿರುವ ಅನುಮಾನ. ಅಮೆರಿಕದ ನಿಯಮದಲ್ಲಿ ಹ್ಯಾಲೋಜನ್ (ಕ್ಲೋರಿನ್ ಮತ್ತು ಅದರ ಗುಂಪಿನ ಧಾತುಗಳು) ಅಂಶ 1,000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ ಸಾವಿರ ಪಾಲು ದಾಟಿದರೆ, ಹಾಗಲ್ಲ ಅಂತ ಸಾಬೀತು ಮಾಡುವವರೆಗೆ ಅದನ್ನು ಅಪಾಯಕಾರಿ ತ್ಯಾಜ್ಯ ಬೆರೆತ ಆಯಿಲ್ ಅಂತಲೇ ಲೆಕ್ಕ ಹಿಡಿಯುತ್ತಾರೆ. ಕಾರಣವೂ ಗಟ್ಟಿಯಾಗಿದೆ. ಕ್ಲೋರಿನ್ ಮುಂದಿನ ಹಂತದಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಆಗಿ ಪೈಪುಗಳನ್ನೇ ತಿನ್ನುತ್ತದೆ.

ಪರೀಕ್ಷೆ ಪಾಸಾದ ಆಯಿಲ್ ದೊಡ್ಡ ಟ್ಯಾಂಕ್‌ನಲ್ಲಿ ನಿಂತು ತಿಳಿಯಾಗುತ್ತದೆ. ಬಿಡಿ ನೀರು ಮತ್ತು ದಪ್ಪ ಕಸ ಕೆಳಗಿಳಿಯುತ್ತವೆ. ಆಮೇಲೆ 120ರಿಂದ 150 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ ಮಾಡಿದರೆ ಉಳಿದ ನೀರು ಮತ್ತು ಪೆಟ್ರೋಲ್‌ನಂಥ ಹಗುರ ಇಂಧನ ಆವಿಯಾಗಿ ಹೋಗುತ್ತದೆ. ಆ ಇಂಧನವನ್ನು ಘಟಕದ ಬಾಯ್ಲರ್‌ಗೇ ಬಳಸಿಕೊಳ್ಳುವುದು ರೂಢಿ. ನೀರನ್ನು ಹಾಗೇ ಹೊರಗೆ ಬಿಡುವಂತಿಲ್ಲ, ಅದನ್ನೂ ಶುದ್ಧ ಮಾಡಬೇಕು. ಇನ್ನೊಂದು ಸುತ್ತಿನಲ್ಲಿ ಡೀಸೆಲ್ ತೂಕದ ಭಾಗ ಬೇರೆಯಾಗುತ್ತದೆ.

ಮುಂದಿನದೇ ಕಷ್ಟದ ಹಂತ. ಬೇಸ್ ಆಯಿಲ್‌ನ ಅಣುಗಳನ್ನು ಮಸಿ ಮತ್ತು ಲೋಹದಿಂದ ಬಿಡಿಸಬೇಕು. ಬಟ್ಟಿ ಇಳಿಸುವುದೇ ದಾರಿ, ಏಕೆಂದರೆ ಎಣ್ಣೆ ಆವಿಯಾಗುತ್ತದೆ, ಮಸಿ ಮತ್ತು ಲೋಹ ಆವಿಯಾಗುವುದಿಲ್ಲ. ಆದರೆ ಸಾಮಾನ್ಯ ಗಾಳಿಯ ಒತ್ತಡದಲ್ಲಿ ಬೇಸ್ ಆಯಿಲ್ ಕುದಿಯಲು 350ರಿಂದ 550 ಡಿಗ್ರಿ ಬೇಕು. ಅಷ್ಟು ಬಿಸಿಗೆ ಹೋದರೆ ಅಣುಗಳೇ ಮುರಿದು ಇದ್ದಿಲು ಕಟ್ಟುತ್ತವೆ. ಇಲ್ಲಿ ನೆರವಿಗೆ ಬರುವುದು ವ್ಯಾಕ್ಯೂಮ್. ಎತ್ತರದ ಬೆಟ್ಟದ ಮೇಲೆ ನೀರು 100 ಡಿಗ್ರಿಗೆ ಮೊದಲೇ ಕುದಿಯುತ್ತದಲ್ವಾ, ಹಾಗೆಯೇ ಒತ್ತಡ ಇಳಿಸಿದಷ್ಟೂ ಎಣ್ಣೆಯೂ ಕಡಿಮೆ ಬಿಸಿಗೇ ಆವಿಯಾಗುತ್ತದೆ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 1,000 ಮಿಲಿಬಾರ್. ಈ ಯಂತ್ರದೊಳಗೆ ಅದು ಕೆಲವೇ ಮಿಲಿಬಾರ್.

ಒತ್ತಡ ಇಳಿಸಿದರೂ ಸಾಲದು. ಬಿಸಿ ಗೋಡೆಗೆ ತಾಗಿಕೊಂಡು ಜಾಸ್ತಿ ಹೊತ್ತು ನಿಂತ ಎಣ್ಣೆ ಅಲ್ಲೇ ಕರಕಲಾಗಿ ಅಂಟಿಬಿಡುತ್ತದೆ. ಅದಕ್ಕೇ ಥಿನ್ ಫಿಲ್ಮ್ ಇವ್ಯಾಪೊರೇಟರ್ ಅನ್ನುವ ಯಂತ್ರ. ನೆಟ್ಟಗೆ ನಿಲ್ಲಿಸಿದ ಉಕ್ಕಿನ ಕೊಳವೆ, ಹೊರಗಿನಿಂದ ಬಿಸಿ. ಒಳಗೆ ಮಧ್ಯದಲ್ಲಿ ಒಂದು ಶಾಫ್ಟ್ ತಿರುಗುತ್ತಿರುತ್ತದೆ. ಅದಕ್ಕೆ ಉದ್ದನೆಯ ಬ್ಲೇಡ್‌ಗಳು. ಮೇಲಿನಿಂದ ಬಿದ್ದ ಆಯಿಲ್ ಅನ್ನು ಬ್ಲೇಡ್‌ಗಳು ಒಳಗೋಡೆಗೆ ತೆಳ್ಳಗೆ ಹಚ್ಚುತ್ತಾ ಹೋಗುತ್ತವೆ, ಒಂದು ಮಿಲಿಮೀಟರ್ ದಪ್ಪವೂ ಇಲ್ಲದಷ್ಟು ತೆಳುವಾಗಿ. ಆಯಿಲ್ ಗೋಡೆಯ ಮೇಲೆ ಇಳಿಯುವ ಆ ಸ್ವಲ್ಪ ಹೊತ್ತಿನಲ್ಲೇ ಎಣ್ಣೆ ಆವಿಯಾಗಿ ಹಾರುತ್ತದೆ. ಪಕ್ಕದ ಕಂಡೆನ್ಸರ್‌ನಲ್ಲಿ ತಣ್ಣಗಾಗಿ, ಮತ್ತೆ ದ್ರವವಾಗಿ ಇಳಿಯುತ್ತದೆ. ಕೆಳಗಿನ ಬಾಯಿಂದ ಹೊರಬರುವುದು ದಪ್ಪನೆಯ ಕಪ್ಪು ಶೇಷ. ಮಸಿ, ಸವೆದ ಲೋಹ, ಹಳೇ ಅಡಿಟಿವ್‌ಗಳ ಸತು, ಕ್ಯಾಲ್ಸಿಯಂ, ಒಡೆದ ಪಾಲಿಮರ್, ಎಲ್ಲ ಅದರಲ್ಲಿ. ಒಳಗೆ ಹೋದದ್ದು ಕಡುಗಪ್ಪು, ಕಂಡೆನ್ಸರ್‌ನಿಂದ ಬಂದದ್ದು ಜೇನಿನ ಬಣ್ಣದ ಎಣ್ಣೆ. ಇಡೀ ಪ್ರಕ್ರಿಯೆಯಲ್ಲಿ ನನಗೆ ತುಂಬಾ ಇಷ್ಟವಾಗುವ ಜಾಗ ಇದು. ಆಸಿಡ್ ಇಲ್ಲ, ಕೆಸರು ಇಲ್ಲ, ಬರೀ ಬಿಸಿ ಮತ್ತು ವ್ಯಾಕ್ಯೂಮ್.

ಈ ಎಣ್ಣೆಯಲ್ಲಿ ಇನ್ನೂ ಗಂಧಕ, ಸಾರಜನಕ, ಕ್ಲೋರಿನ್ ಇರುವ ಅಣುಗಳು ಉಳಿದಿರುತ್ತವೆ. ಹೈಡ್ರೋಜನ್ ಕಡಿಮೆ ಇರುವ, ಆರೊಮ್ಯಾಟಿಕ್ ಅನ್ನುವ ಉಂಗುರಾಕಾರದ ಅಣುಗಳೂ ಇರುತ್ತವೆ. ಇವುಗಳಿಂದಲೇ ಬಣ್ಣ, ವಾಸನೆ, ಬೇಗ ಕೆಡುವ ಗುಣ. ಇವನ್ನು ತೆಗೆಯಲು ಹೈಡ್ರೋಟ್ರೀಟಿಂಗ್. ಎಣ್ಣೆಯನ್ನು ಹೈಡ್ರೋಜನ್ ಅನಿಲದ ಜೊತೆ ಬೆರೆಸಿ, 300 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ, ಹತ್ತಾರು ಪಟ್ಟು ಗಾಳಿಯ ಒತ್ತಡದಲ್ಲಿ, ಕೆಲವು ಕಡೆ 100 ಬಾರ್‌ಗೂ ಮೀರಿ, ನಿಕ್ಕಲ್ ಮತ್ತು ಮಾಲಿಬ್ಡಿನಂ ಇರುವ, ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ಕ್ಯಾಟಲಿಸ್ಟ್ ಮೇಲೆ ಹಾಯಿಸುತ್ತಾರೆ. ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ, ಸಾರಜನಕ ಅಮೋನಿಯಾ ಆಗಿ, ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಆಗಿ ಬಿಟ್ಟುಹೋಗುತ್ತವೆ. ಆರೊಮ್ಯಾಟಿಕ್ ಉಂಗುರಗಳಿಗೆ ಹೈಡ್ರೋಜನ್ ಕೂಡಿಕೊಂಡು ಅವು ಸ್ಥಿರವಾಗುತ್ತವೆ. ಕ್ಯಾನ್ಸರ್ ತರಬಲ್ಲ ಪಿಎಎಚ್ ಗುಂಪಿನ ವಸ್ತುಗಳು ತೊಲಗುವುದೂ ಈ ಹಂತದಲ್ಲೇ. ಮುಖ್ಯ ಕ್ಯಾಟಲಿಸ್ಟ್‌ಗೆ ಮೊದಲು ಕಾವಲಿನ ಪದರವೊಂದು ಇರುತ್ತದೆ. ತಪ್ಪಿಸಿಕೊಂಡು ಬಂದ ಸಿಲಿಕಾನ್, ರಂಜಕ, ಲೋಹಗಳನ್ನು ಅದು ಹಿಡಿದುಕೊಳ್ಳುತ್ತದೆ. ಇಲ್ಲದಿದ್ದರೆ ದುಬಾರಿ ಕ್ಯಾಟಲಿಸ್ಟ್ ಬೇಗನೆ ಸಾಯುತ್ತದೆ. ಹೈಡ್ರೋಜನ್ ಘಟಕ ಕಟ್ಟಲು ಹಣ ಬಹಳ ಬೇಕು. ಹಾಗಾಗಿ ಕೆಲವರು ಇದರ ಬದಲು ಸಾಲ್ವೆಂಟ್ ಬಳಸಿ ಆರೊಮ್ಯಾಟಿಕ್ ಅಣುಗಳನ್ನು ಸೆಳೆದು ತೆಗೆಯುತ್ತಾರೆ. ಆ ದಾರಿಯಲ್ಲೂ ಒಳ್ಳೆ ಎಣ್ಣೆ ಸಿಗುತ್ತದೆ.

ಕೊನೆಗೆ ಸಿಗುವುದು ನೀರಿನಷ್ಟು ತಿಳಿಯಾದ, ವಾಸನೆ ಇಲ್ಲದ ಬೇಸ್ ಆಯಿಲ್. ಆಯಿಲ್ ಎಷ್ಟು ಕೊಳೆಯಾಗಿತ್ತು, ಘಟಕ ಹೇಗಿದೆ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಆದರೂ 100 ಲೀಟರ್ ಹಳೇ ಆಯಿಲ್ ಒಳಗೆ ಹೋದರೆ ಸುಮಾರು 60ರಿಂದ 70 ಲೀಟರ್ ಬೇಸ್ ಆಯಿಲ್ ಬರುತ್ತದೆ ಅನ್ನಬಹುದು. ಉಳಿದದ್ದು ನೀರು, ಇಂಧನ ಮತ್ತು ಆ ಕಪ್ಪು ಶೇಷ.

ಹೊಸದಕ್ಕೆ ಸಮವಾ?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಕೇಳಲೇಬೇಕಾದ ಪ್ರಶ್ನೆಯೂ ಹೌದು.

ಬೇಸ್ ಆಯಿಲ್‌ಗಳನ್ನು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಐದು ಗುಂಪುಗಳಾಗಿ ವಿಂಗಡಿಸಿದೆ. ನಮಗೆ ಇಲ್ಲಿ ಮೊದಲ ಮೂರು ಸಾಕು. ಗ್ರೂಪ್ 1ರಲ್ಲಿ ಗಂಧಕ ಶೇ. 0.03ಕ್ಕಿಂತ ಜಾಸ್ತಿ ಇರಬಹುದು, ಅಥವಾ ಸ್ಯಾಚುರೇಟೆಡ್ ಅಣುಗಳು, ಅಂದರೆ ಹೈಡ್ರೋಜನ್ ಪೂರ್ತಿ ತುಂಬಿಕೊಂಡ ಸ್ಥಿರ ಅಣುಗಳು, ಶೇ. 90ಕ್ಕಿಂತ ಕಡಿಮೆ ಇರಬಹುದು. ಗ್ರೂಪ್ 2ಕ್ಕೆ ಗಂಧಕ ಶೇ. 0.03 ಮೀರಬಾರದು, ಸ್ಯಾಚುರೇಟೆಡ್ ಅಣುಗಳು ಕನಿಷ್ಠ ಶೇ. 90 ಇರಬೇಕು. ಗ್ರೂಪ್ 3ಕ್ಕೆ ಇದರ ಜೊತೆಗೆ ವಿಸ್ಕಾಸಿಟಿ ಇಂಡೆಕ್ಸ್ 120 ಅಥವಾ ಅದಕ್ಕಿಂತ ಹೆಚ್ಚು ಬೇಕು. ಅಂದರೆ ಬಿಸಿಯಾದಾಗಲೂ ತಣ್ಣಗಾದಾಗಲೂ ಎಣ್ಣೆಯ ದಪ್ಪದಲ್ಲಿ ಹೆಚ್ಚು ಏರುಪೇರು ಆಗಬಾರದು. ಈ ಅಳತೆಗಳು ಎಣ್ಣೆ ಹೇಗಿದೆ ಅಂತ ನೋಡುತ್ತವೆ. ಅದು ನೆಲದಡಿಯ ಬಾವಿಯಿಂದ ಬಂತಾ, ಗ್ಯಾರೇಜಿನ ಪೀಪಾಯಿಂದ ಬಂತಾ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹೈಡ್ರೋಟ್ರೀಟಿಂಗ್ ಇರುವ ಒಳ್ಳೆ ರೀ-ರಿಫೈನರಿಯ ಎಣ್ಣೆ ಸಾಮಾನ್ಯವಾಗಿ ಗ್ರೂಪ್ 2ರಲ್ಲಿ ನಿಲ್ಲುತ್ತದೆ. ಕೆಲವು ಘಟಕಗಳು ಗ್ರೂಪ್ 3ರ ಎಣ್ಣೆಯನ್ನೂ ತೆಗೆಯುತ್ತಿವೆ. ಹಳೆಯ ಸಾಲ್ವೆಂಟ್ ಪದ್ಧತಿಯ ಎಷ್ಟೋ ಹೊಸ ಬೇಸ್ ಆಯಿಲ್‌ಗಳು ಗ್ರೂಪ್ 1ರವು. ಹಾಗೆ ನೋಡಿದರೆ ಅವುಗಳಿಗಿಂತ ಇದೇ ಮೇಲು.

ಮತ್ತೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹೊಸ ವಾಹನಗಳಿಗೆ ಸಿಂಥೆಟಿಕ್ ಮತ್ತು ಗ್ರೂಪ್ 3 ಆಯಿಲ್‌ಗಳ ಬಳಕೆ ಹೆಚ್ಚಾಗಿದೆ. ಅವು ಕೊನೆಗೆ ಹಳೇ ಆಯಿಲ್ ಆಗಿ ಅದೇ ಪೀಪಾಯಿಗೆ ಬರುತ್ತವೆ. ಹಾಗಾಗಿ ವರ್ಷ ಕಳೆದಂತೆ ರೀ-ರಿಫೈನರಿಗೆ ಸಿಗುವ ಕಚ್ಚಾ ಸಾಮಗ್ರಿಯ ಗುಣಮಟ್ಟ ತಾನಾಗಿಯೇ ಏರುತ್ತಿದೆ. ರೀಸೈಕಲ್ ಮಾಡಿದಷ್ಟೂ ಗುಣ ಇಳಿಯುವ ವಸ್ತುಗಳು ಬಹಳ ಇವೆ. ಪ್ಲಾಸ್ಟಿಕ್ ಹಾಗೆ, ಕಾಗದ ಹಾಗೆ. ಇಲ್ಲಿ ಗುಣ ಉಳಿಯುತ್ತದೆ, ಎಷ್ಟೋ ಸಲ ಸುಧಾರಿಸುತ್ತದೆ.

ಬೇಸ್ ಆಯಿಲ್‌ಗೆ ಹೊಸ ಅಡಿಟಿವ್ ಬೆರೆಸಿದ ಮೇಲೆ ಅದು ಹೊಸ ಆಯಿಲ್ ಎದುರಿಸುವ ಪರೀಕ್ಷೆಗಳನ್ನೇ ಎದುರಿಸಬೇಕು. ನೊವಾಕ್ ಅನ್ನುವ ಪರೀಕ್ಷೆಯನ್ನೇ ನೋಡಿ. ಆಯಿಲ್ ಅನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಎಷ್ಟು ಆವಿಯಾಯಿತು ಅಂತ ತೂಗುತ್ತಾರೆ. 5ಡಬ್ಲ್ಯೂ-30ರಂಥ ಇಂದಿನ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಶೇ. 15 ಮೀರುವಂತಿಲ್ಲ. ಹಗುರ ಇಂಧನವನ್ನು ಸರಿಯಾಗಿ ತೆಗೆಯದ ಎಣ್ಣೆ ಇಲ್ಲೇ ಸಿಕ್ಕಿಬೀಳುತ್ತದೆ. ಇದರ ಮೇಲೆ ನಿಜವಾದ ಎಂಜಿನ್‌ಗಳಲ್ಲಿ ಓಡಿಸಿ ಸವೆತ, ಕೊಳೆ, ತುಕ್ಕು ಅಳೆಯುವ ಪರೀಕ್ಷೆಗಳಿವೆ. ಪಾಸಾದರೆ ಎಪಿಐ ಮುದ್ರೆ. ರೀ-ರಿಫೈನ್ ಮಾಡಿದ್ದಕ್ಕೆ ಅಂತ ಸಡಿಲವಾದ ಬೇರೆ ಮುದ್ರೆ ಇಲ್ಲ.

ಇಷ್ಟಿದ್ದೂ ಜನರ ಅನುಮಾನ ಹೋಗಲು ಬಹಳ ವರ್ಷ ಹಿಡಿಯಿತು. ಅದಕ್ಕೆ ಕಾನೂನಿನ ಪಾಲೂ ಇತ್ತು. ಅಮೆರಿಕದಲ್ಲಿ 1960ರ ದಶಕದಲ್ಲಿ, ಡಬ್ಬದ ಮೇಲೆ ಇದು ಈ ಮೊದಲು ಬಳಸಿದ ಎಣ್ಣೆಯಿಂದ ಮಾಡಿದ್ದು ಅಂತ ಎದ್ದು ಕಾಣುವಂತೆ ಬರೆಯಬೇಕು ಅನ್ನುವ ನಿಯಮ ಬಂತು. ಸೋಸಿದ ಕಳಪೆ ಆಯಿಲ್‌ಗೂ, ಸರಿಯಾಗಿ ರಿಫೈನ್ ಮಾಡಿದ ಆಯಿಲ್‌ಗೂ ಒಂದೇ ಹಣೆಪಟ್ಟಿ. ಯಾರು ಕೊಳ್ಳುತ್ತಾರೆ? 1980ರಲ್ಲಿ ಬಂದ ಬಳಸಿದ ಆಯಿಲ್ ಮರುಬಳಕೆ ಕಾಯ್ದೆ ಈ ಧೋರಣೆ ಬದಲಿಸಿತು. 1993ರಲ್ಲಿ ಅಧ್ಯಕ್ಷರ ಆದೇಶದ ಮೂಲಕ ಸರ್ಕಾರಿ ವಾಹನಗಳಿಗೆ ರೀ-ರಿಫೈನ್ ಆಯಿಲ್ ಕೊಳ್ಳಲು ಇಲಾಖೆಗಳಿಗೆ ಒತ್ತಾಯ ಬಂತು. 1995ರಲ್ಲಿ, ಪರೀಕ್ಷೆಯಲ್ಲಿ ಹೊಸದಕ್ಕೆ ಸಮ ಅಂತ ತೋರಿಸಿದರೆ ಹೊಸದರಂತೆಯೇ ಲೇಬಲ್ ಹಚ್ಚಬಹುದು ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮ ಮಾಡಿತು. ಯುರೋಪ್ ತನ್ನ ದಾರಿಯಲ್ಲಿ ಮೊದಲೇ ಹೊರಟಿತ್ತು. ಹಳೇ ಆಯಿಲ್ ವಿಲೇವಾರಿ ಬಗ್ಗೆ 1975ರಲ್ಲೇ ಅಲ್ಲಿ ನಿರ್ದೇಶನ ಬಂದಿತ್ತು. ಇಟಲಿಯಲ್ಲಿ 1984ರಿಂದ ಒಂದು ರಾಷ್ಟ್ರೀಯ ಒಕ್ಕೂಟವೇ ದೇಶದ ಹಳೇ ಆಯಿಲ್ ಸಂಗ್ರಹಿಸುತ್ತಿದೆ. ಅದರಲ್ಲಿ ಬಹುಪಾಲು ಮತ್ತೆ ಬೇಸ್ ಆಯಿಲ್ ಆಗುತ್ತದೆ.

ಸುಟ್ಟರೆ ಏನು ಕಳೆದುಕೊಳ್ಳುತ್ತೇವೆ

ಜಗತ್ತಿನಲ್ಲಿ ಸಿಕ್ಕ ಹಳೇ ಆಯಿಲ್‌ನ ದೊಡ್ಡ ಪಾಲು ಇವತ್ತಿಗೂ ಒಲೆಗೆ, ಬಾಯ್ಲರ್‌ಗೆ, ಕುಲುಮೆಗೆ ಹೋಗುತ್ತದೆ. ಡೀಸೆಲ್‌ಗೆ ಹತ್ತಿರದ ಶಾಖ, ಬೆಲೆ ಕಡಿಮೆ. ಸಿಮೆಂಟ್ ಗೂಡಿನಂಥ ಭಾರಿ ಬಿಸಿಯ ಜಾಗದಲ್ಲಿ, ಹೊಗೆ ಶುದ್ಧ ಮಾಡುವ ವ್ಯವಸ್ಥೆ ಇದ್ದರೆ, ಕೆಡುಕು ಕಡಿಮೆ. ಸಣ್ಣ ಬಾಯ್ಲರ್‌ನಲ್ಲಿ ಹಾಗೇ ಸುಟ್ಟರೆ ಸತು, ಸೀಸ, ರಂಜಕ ಎಲ್ಲ ನುಣುಪು ಬೂದಿಯಾಗಿ ಗಾಳಿಗೆ ಸೇರುತ್ತವೆ. ಅದಕ್ಕಿಂತ ಸರಳವಾದ ಇನ್ನೊಂದು ಮಾತಿದೆ. ಸುಟ್ಟ ಎಣ್ಣೆ ಒಮ್ಮೆ ಶಾಖ ಕೊಟ್ಟು ಮುಗಿಯಿತು. ಮುಂದಿನ ಆಯಿಲ್ ಚೇಂಜ್‌ಗೆ ಮತ್ತೆ ಕಚ್ಚಾ ತೈಲವೇ ಬೇಕು.

ಅಮೆರಿಕದ ಪರಿಸರ ಸಂಸ್ಥೆ ಇಪಿಎ ಕೊಡುವ ಹೋಲಿಕೆ ಪ್ರಸಿದ್ಧವಾದದ್ದು. ಸುಮಾರು 2.4 ಲೀಟರ್ ಲೂಬ್ರಿಕೆಂಟ್ ಬೇಕಾದರೆ ಒಂದು ಬ್ಯಾರೆಲ್, ಅಂದರೆ 159 ಲೀಟರ್ ಕಚ್ಚಾ ತೈಲ ಬೇಕು. ಅದೇ 2.4 ಲೀಟರ್ ಸುಮಾರು 3.8 ಲೀಟರ್ ಹಳೇ ಆಯಿಲ್‌ನಿಂದ ಸಿಗುತ್ತದೆ. ಈ ಲೆಕ್ಕ ಹೇಳುವಾಗ ಒಂದು ಎಚ್ಚರ ಬೇಕು. ಆ ಬ್ಯಾರೆಲ್‌ನ ಉಳಿದ ತೈಲ ವ್ಯರ್ಥವಾಗುವುದಿಲ್ಲ, ಪೆಟ್ರೋಲ್, ಡೀಸೆಲ್, ಡಾಂಬರು ಆಗುತ್ತದೆ. ಆದರೂ ಕಚ್ಚಾ ತೈಲದಲ್ಲಿ ಲೂಬ್ರಿಕೆಂಟ್‌ಗೆ ತಕ್ಕ ಅಣುಗಳು ಎಷ್ಟು ಕಡಿಮೆ, ಹಳೇ ಆಯಿಲ್‌ನಲ್ಲಿ ಎಷ್ಟು ಜಾಸ್ತಿ ಅನ್ನುವುದು ಇದರಿಂದ ಚೆನ್ನಾಗಿ ತಿಳಿಯುತ್ತದೆ. ಭೂಮಿಯಿಂದ ತೆಗೆದು, ಆರಿಸಿ, ಶುದ್ಧ ಮಾಡಿ ಇಟ್ಟ ಅಣುಗಳನ್ನು ಸುಮ್ನೆ ಒಲೆಗೆ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಸುಡುವುದಕ್ಕಿಂತ ಕೆಟ್ಟದ್ದು ಚರಂಡಿಗೆ ಸುರಿಯುವುದು. ಒಂದು ಪಾಲು ಹಳೇ ಆಯಿಲ್ ಹತ್ತು ಲಕ್ಷ ಪಾಲು ಸಿಹಿನೀರನ್ನು ಕೆಡಿಸಬಲ್ಲದು ಅಂತ ಅದೇ ಇಪಿಎ ಹೇಳುತ್ತದೆ. ಇನ್ನು ಬೆರಕೆ ಆಯಿಲ್ ಎಂಥ ಅನಾಹುತ ಮಾಡಬಲ್ಲದು ಅನ್ನುವುದಕ್ಕೆ ಅಮೆರಿಕದ ಮಿಸೌರಿ ರಾಜ್ಯದ ಟೈಮ್ಸ್ ಬೀಚ್ ಅನ್ನುವ ಊರಿದೆ. 1970ರ ದಶಕದಲ್ಲಿ ಅಲ್ಲಿನ ಮಣ್ಣಿನ ರಸ್ತೆಗಳಲ್ಲಿ ಧೂಳು ಏಳದಿರಲಿ ಅಂತ ಹಳೇ ಆಯಿಲ್ ಸಿಂಪಡಿಸಿದರು. ಆ ಆಯಿಲ್‌ಗೆ ರಾಸಾಯನಿಕ ಕಾರ್ಖಾನೆಯ, ಡಯಾಕ್ಸಿನ್ ಅನ್ನುವ ಕಡುವಿಷ ಇರುವ ತ್ಯಾಜ್ಯ ಬೆರೆತಿತ್ತು. ಅದೇ ಆಯಿಲ್ ಸಿಂಪಡಿಸಿದ ಕುದುರೆ ಲಾಯಗಳಲ್ಲಿ ಹತ್ತಾರು ಕುದುರೆಗಳು ಸತ್ತವು. 1983ರಲ್ಲಿ ಸರ್ಕಾರ ಎರಡು ಸಾವಿರಕ್ಕೂ ಹೆಚ್ಚು ಜನರ ಆ ಇಡೀ ಊರನ್ನೇ ಕೊಂಡು ಖಾಲಿ ಮಾಡಿಸಬೇಕಾಯಿತು. ಟ್ಯಾಂಕರ್ ಬಂದ ಕೂಡಲೇ ಲ್ಯಾಬ್‌ನವರು ಸ್ಯಾಂಪಲ್‌ಗೆ ಕೈ ಹಾಕುವುದು ಯಾಕೆ ಅಂತ ಈಗ ಗೊತ್ತಾಗುತ್ತದೆ.

ಎಲ್ಲವೂ ಸಲೀಸಲ್ಲ

ಕಪ್ಪು ಶೇಷದ ಪ್ರಶ್ನೆ ಇನ್ನೂ ಇದೆ. ಅದನ್ನು ರಸ್ತೆಯ ಡಾಂಬರಿಗೂ ಛಾವಣಿಯ ಶೀಟ್‌ಗಳಿಗೂ ಬೆರೆಸುತ್ತಾರೆ. ಲೋಹಗಳು ಡಾಂಬರಿನೊಳಗೆ ಸಿಕ್ಕಿಬಿದ್ದಿರುತ್ತವೆ, ಸುಲಭಕ್ಕೆ ಹೊರಬರುವುದಿಲ್ಲ. ಆದರೆ ಜಾಸ್ತಿ ಬೆರೆಸಿದರೆ ಚಳಿಯಲ್ಲಿ ರಸ್ತೆ ಬೇಗ ಬಿರುಕು ಬಿಡುತ್ತದೆ ಅನ್ನುವ ದೂರು ಇದೆ. ಕೆಲವು ಕಡೆ ರಸ್ತೆ ಇಲಾಖೆಗಳು ಇದಕ್ಕೆ ಮಿತಿ ಹಾಕಿವೆ.

ಸಂಗ್ರಹ ಇನ್ನೊಂದು ತೊಡಕು. ಮಾರಿದ ಲೂಬ್ರಿಕೆಂಟ್‌ನಲ್ಲಿ ಸುಮಾರು ಅರ್ಧ ವಾಪಸ್ ಸಿಗುವುದೇ ಇಲ್ಲ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್ ಇಂಧನದ ಜೊತೆಗೇ ಉರಿದುಹೋಗುತ್ತದೆ. ಮರ ಕೊಯ್ಯುವ ಗರಗಸದ ಚೈನ್ ಆಯಿಲ್ ನೆಲಕ್ಕೆ ಚಿಮ್ಮುತ್ತದೆ. ಒಂದಷ್ಟು ಸೋರುತ್ತದೆ, ಒಂದಷ್ಟು ಎಂಜಿನ್ನೇ ಕುಡಿಯುತ್ತದೆ. ಉಳಿದ ಅರ್ಧ ಸಾವಿರಾರು ಗ್ಯಾರೇಜು, ಕಾರ್ಖಾನೆ, ಮನೆಗಳಲ್ಲಿ ಚೂರು ಚೂರಾಗಿ ಹಂಚಿಹೋಗಿದೆ. ಅದನ್ನೆಲ್ಲ ಒಂದೆಡೆ ತರುವ ಸಾಗಾಟದ ಖರ್ಚೇ ದೊಡ್ಡದು. ಕಚ್ಚಾ ತೈಲದ ಬೆಲೆ ಬಿದ್ದಾಗ ಹೊಸ ಬೇಸ್ ಆಯಿಲ್ ಅಗ್ಗವಾಗಿ, ರೀ-ರಿಫೈನರಿಗಳು ಒದ್ದಾಡುತ್ತವೆ. ಬೆಲೆ ಏರಿದಾಗ ಸುಡುವವರೂ ಹಳೇ ಆಯಿಲ್‌ಗೆ ಪೈಪೋಟಿ ಮಾಡುತ್ತಾರೆ. ಸಂಗ್ರಹಕ್ಕೆ ಕಾನೂನಿನ ಬಲ ಇರುವ ಕಡೆ ಈ ಉದ್ಯಮ ನಿಂತಿದೆ, ಇಲ್ಲದ ಕಡೆ ತತ್ತರಿಸಿದೆ.

ಎಲೆಕ್ಟ್ರಿಕ್ ವಾಹನ ಬಂದ ಮೇಲೆ ಇದೆಲ್ಲ ಯಾಕೆ ಅನ್ನಬಹುದು. ಎಂಜಿನ್ ಆಯಿಲ್ ಬೇಡಿಕೆ ಇಳಿಯುತ್ತದೆ, ನಿಜ. ಗೇರ್ ಆಯಿಲ್, ಹೈಡ್ರಾಲಿಕ್ ಆಯಿಲ್, ಟರ್ಬೈನ್ ಆಯಿಲ್, ಟ್ರಾನ್ಸ್‌ಫಾರ್ಮರ್ ಆಯಿಲ್ ಇದ್ದೇ ಇರುತ್ತವೆ. ಇವು ಎಂಜಿನ್ ಆಯಿಲ್‌ನಷ್ಟು ಕೊಳೆಯಾಗುವುದಿಲ್ಲ, ಶುದ್ಧ ಮಾಡುವುದೂ ಸುಲಭ. ಟ್ರಾನ್ಸ್‌ಫಾರ್ಮರ್ ಆಯಿಲ್ ಅನ್ನಂತೂ ಟ್ರಾನ್ಸ್‌ಫಾರ್ಮರ್ ಇದ್ದ ಜಾಗಕ್ಕೇ ಯಂತ್ರ ಕೊಂಡೊಯ್ದು ಶುದ್ಧ ಮಾಡುವ ರೂಢಿ ಇದೆ.

ನಮ್ಮ ಕೈಯಲ್ಲಿರುವುದು

ಇಷ್ಟೆಲ್ಲ ಯಂತ್ರವಿದ್ದರೂ ಹಳೇ ಆಯಿಲ್‌ನ ಹಣೆಬರಹ ನಿರ್ಧಾರವಾಗುವುದು ಡ್ರೇನ್ ಬೋಲ್ಟ್ ಬಿಚ್ಚಿದ ಗಳಿಗೆಯಲ್ಲಿ. ಆಯಿಲ್ ಹಿಡಿಯುವ ಪಾತ್ರೆ ಸ್ವಚ್ಛವಾಗಿರಲಿ. ಬ್ಲೀಚ್, ಕೀಟನಾಶಕ, ಪೇಂಟ್ ಇದ್ದ ಡಬ್ಬ ಬೇಡವೇ ಬೇಡ, ತಳದಲ್ಲಿ ಉಳಿದ ಚೂರೂ ಇಡೀ ಪೀಪಾಯಿ ಕೆಡಿಸಬಹುದು. ಬಿಗಿಯಾದ ಮುಚ್ಚಳ ಇರಲಿ, ಮಳೆನೀರು ಸೇರದಿರಲಿ. ಕೂಲೆಂಟ್, ಬ್ರೇಕ್ ಆಯಿಲ್, ಥಿನ್ನರ್ ಇವನ್ನು ಅದೇ ಡಬ್ಬಕ್ಕೆ ಸುರಿಯಬೇಡಿ, ಬೇರೆ ಬೇರೆ ಇಡಿ. ಅಡುಗೆ ಎಣ್ಣೆಯೂ ಬೇಡ. ಎಣ್ಣೆ ಎಣ್ಣೆ ಬೆರೆತರೆ ಏನಾಯ್ತು ಅನ್ನಿಸಬಹುದು, ಆದರೆ ಅವುಗಳ ರಸಾಯನ ಪೂರ್ತಿ ಬೇರೆ. ಹೈಡ್ರೋಟ್ರೀಟಿಂಗ್‌ನಲ್ಲಿ ಅಡುಗೆ ಎಣ್ಣೆ ಹೈಡ್ರೋಜನ್ ಅನ್ನು ಸಿಕ್ಕಾಪಟ್ಟೆ ನುಂಗಿ, ಚಳಿಗೆ ಹೆಪ್ಪುಗಟ್ಟುವ ಮೇಣದಂಥ ಅಣುಗಳಾಗುತ್ತದೆ. ಲೂಬ್ರಿಕೆಂಟ್‌ಗೆ ಅದು ಬೇಡದ ಗುಣ.

ಕೈಗೆ ಗ್ಲವ್ಸ್ ಹಾಕಿಕೊಳ್ಳಿ. ಓಡಿದ ಆಯಿಲ್‌ನಲ್ಲಿ ಪಿಎಎಚ್ ಸೇರಿರುತ್ತದೆ. ಪದೇ ಪದೇ ಚರ್ಮಕ್ಕೆ ತಾಗುವುದು ಒಳ್ಳೆಯದಲ್ಲ. ಗ್ಯಾರೇಜಿನಲ್ಲಿ ದಿನವಿಡೀ ಬರಿಗೈಯಲ್ಲಿ ಇದೇ ಕೆಲಸ ಮಾಡುವವರಿಗೆ ಈ ಮಾತನ್ನು ಯಾರಾದರೂ ಕೂತು ಹೇಳಬೇಕು. ಹಳೇ ಆಯಿಲ್ ಫಿಲ್ಟರ್ ಅನ್ನು ಬಿಸಿ ಇರುವಾಗಲೇ ತೂತು ಮಾಡಿ, ಬೋರಲು ಹಾಕಿ, ರಾತ್ರಿಯಿಡೀ ಬಿಟ್ಟರೆ ಒಳಗೆ ಅಡಗಿದ ಆಯಿಲ್ ಇಳಿಯುತ್ತದೆ. ಅಮೆರಿಕದಲ್ಲಿ ಇದಕ್ಕೆ 12 ಗಂಟೆ ಬೇಕು ಅನ್ನುತ್ತಾರೆ. ಉಳಿದ ಫಿಲ್ಟರ್ ಗುಜರಿ ಕಬ್ಬಿಣಕ್ಕೆ ಹೋಗಬಹುದು.

ರೀ-ರಿಫೈನ್ ಮಾಡಿದ ಆಯಿಲ್ ಕೊಳ್ಳುವಾಗ ಡಬ್ಬದ ಮೇಲೆ ಎರಡು ಸಂಗತಿ ನೋಡಿ. ನಿಮ್ಮ ವಾಹನದ ಮ್ಯಾನುಯಲ್‌ನಲ್ಲಿ ಹೇಳಿದ ವಿಸ್ಕಾಸಿಟಿ ಇದೆಯಾ, ಅದರಲ್ಲೇ ಹೇಳಿದ ಎಪಿಐ ದರ್ಜೆ ಇದೆಯಾ. ಎಪಿಐ ತನ್ನ ಪರವಾನಗಿ ಪಡೆದ ಆಯಿಲ್‌ಗಳ ಪಟ್ಟಿಯನ್ನು ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಡಬ್ಬದ ಮೇಲೆ ಮುದ್ರೆ ಇದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅದನ್ನು ಎಂಜಿನ್‌ಗೆ ಹಾಕಬೇಡಿ. ಹೆಸರಿದ್ದು, ದರ್ಜೆ ಮತ್ತು ವಿಸ್ಕಾಸಿಟಿ ಎರಡೂ ಹೊಂದಿದರೆ ಹೊಸ ಎಣ್ಣೆಯದಕ್ಕೆ ಹೇಳಿದಷ್ಟೇ ಕಿಲೋಮೀಟರ್ ಇದನ್ನೂ ಓಡಿಸಬಹುದು. ಬೇಗ ಬದಲಿಸಬೇಕಾದ ಅಗತ್ಯ ಇಲ್ಲ.